ಕೆನಡಾಕ್ಕೆ ಹೆಂಡತಿಯನ್ನು ಕರೆಸಿಕೊಳ್ಳುವ ವಿಚಾರ

ಹೆಣ್ಣನ್ನು ಕೆನಡಾ ದೇಶದಲ್ಲಿರುವ ವರನಿಗೆ ಕೊಡುವುದು ಈಗ ನಮ್ಮ ನಾಡಿನಲ್ಲಿ ಅಪೂರ್ವವಾದ ಸಂಗತಿಯಲ್ಲ. ವರನ ವಿದ್ಯೆ, ಸಂಬಳ, ಮನೆತನ, ಜಾತಕ ಇವೆಲ್ಲವನ್ನೂ ನಮ್ಮ ಗೃಹಸ್ಥರು ಚೆನ್ನಾಗಿಯೇ ವಿಚಾರಿಸುವರು. ಆದರೆ ಮದುವೆಯಾದ ಮೇಲೆ ಹುಡುಗಿಯು ಯಾವ ಹಕ್ಕಿನಿಂದ ಆ ದೇಶವನ್ನು ಪ್ರವೇಶಿಸುವಳು, ಆಕೆಗೆ ಅಲ್ಲಿ ಹೊಣೆ ಯಾರು, ಆ ಹೊಣೆ ಎಷ್ಟು ಕಾಲದ್ದು ಎಂಬುದನ್ನು ಕೇಳುವವರು ಬಹಳ ಕಡಮೆ. ಧಾರೆಯೆರೆದ ಮೇಲೆ ಕೇಳುವುದಕ್ಕಿಂತ ನಿಶ್ಚಿತಾರ್ಥಕ್ಕೆ ಮುಂಚೆ ಕೇಳುವುದು ಮೇಲಲ್ಲವೆ?

ಹೆಂಡತಿಯನ್ನು ಕರೆಸಿಕೊಳ್ಳುವ ಈ ಹಕ್ಕು ಭಾರತೀಯರಿಗೆ ಸುಲಭವಾಗಿ ಬಂದುದಲ್ಲ. 1908ನೆಯ ಇಸವಿಯ ಹೊತ್ತಿಗೆ ಸುಮಾರು 5000 ಮಂದಿ ಭಾರತೀಯರು, ಬಹುಮಟ್ಟಿಗೆ ಪಂಜಾಬಿನ ಸಿಖ್ಖರು, ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯಕ್ಕೆ ಹೋಗಿ ಮರದ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದರು. ಅವರಲ್ಲಿ ಹೆಂಗಸರು ಇರಲಿಲ್ಲವೆಂದೇ ಹೇಳಬಹುದು. ಆ ವರ್ಷ ಅಲ್ಲಿನ ಸರ್ಕಾರವು, ಹುಟ್ಟಿದ ದೇಶದಿಂದ ನಡುವೆ ಎಲ್ಲಿಯೂ ನಿಲ್ಲದೆ ಒಂದೇ ಪ್ರಯಾಣದಲ್ಲಿ ಬಂದವರಿಗೆ ಮಾತ್ರ ಪ್ರವೇಶವೆಂದು ಕಟ್ಟಳೆ ಮಾಡಿತು. ಭಾರತದಿಂದ ಹಾಗೆ ಬರುವ ಅನುಕೂಲವೇ ಇರಲಿಲ್ಲ. ಕಟ್ಟಳೆಯ ಮರ್ಮವೂ ಅದೇ. ಹೀಗೆ ಅಲ್ಲಿದ್ದ ಗಂಡಸರು ಅಲ್ಲಿಯೇ, ಇಲ್ಲಿದ್ದ ಹೆಂಡಿರು ಇಲ್ಲಿಯೇ ಉಳಿದರು. 1912ರ ಜನವರಿಯಲ್ಲಿ ಭಾಗ್ ಸಿಂಗ್, ಬಲವಂತ ಸಿಂಗ್ ಎಂಬ ಇಬ್ಬರು ಸಿಖ್ ಮುಖಂಡರು ತಮ್ಮ ಕುಟುಂಬಗಳೊಡನೆ ವ್ಯಾಂಕೂವರಿನಲ್ಲಿ ಇಳಿದರು. ಗಂಡಸರನ್ನು ಒಳಕ್ಕೆ ಬಿಟ್ಟು ಹೆಂಗಸರು ಮಕ್ಕಳನ್ನು ಹಿಂದಿರುಗಿಸಬೇಕೆಂದು ಅಧಿಕಾರಿಗಳು ಆಜ್ಞೆ ಮಾಡಿದರು. ಬಹಳ ಹೋರಾಟವಾದ ಮೇಲೆ ಸರ್ಕಾರವು, ಇದು ಹಕ್ಕಲ್ಲ, ಕೃಪೆ ಎಂದು ಹೇಳಿ ಅವರನ್ನು ಇರಗೊಟ್ಟಿತು. 1919ರಲ್ಲಿ ಹೆಂಡತಿ ಮತ್ತು ಅಪ್ರಾಪ್ತ ವಯಸ್ಕರಾದ ಮಕ್ಕಳನ್ನು ಕರೆತರಲು ಸಾಮಾನ್ಯವಾದ ಅನುಮತಿ ದೊರೆಯಿತಾದರೂ ಮುಂದಿನ ಅನೇಕ ವರ್ಷಗಳಲ್ಲಿ ಹೋದವರು ಬೆರಳೆಣಿಕೆಯವರು. ಜನಾಂಗಭೇದವಿಲ್ಲದ ಈಗಿನ ಪದ್ಧತಿಯು ಬೇರೂರಿದುದು 1967ರ ಈಚೆಗೆ.

ಈಗಿನ ನಿಬಂಧನೆಗಳಲ್ಲಿ ಮೊದಲು ತಿಳಿಯತಕ್ಕದ್ದು ವರನ ಸ್ಥಿತಿ. ‘ಹುಡುಗ ಕೆನಡಾದಲ್ಲಿದ್ದಾನೆ’ ಎಂಬ ಮಾತಿಗೆ ಮೂರು ನಾಲ್ಕು ಅರ್ಥಗಳುಂಟು. ಓದಲು ಹೋದವನು ಒಬ್ಬ, ಅವಧಿಯುಳ್ಳ ಕೆಲಸದ ಪರವಾನಗಿಯಿಂದ ಇರುವವನು ಇನ್ನೊಬ್ಬ, ಖಾಯಂ ನಿವಾಸಿ ಮತ್ತೊಬ್ಬ, ಪ್ರಜೆಯಾದವನು ಮಗದೊಬ್ಬ. ಇವರಲ್ಲಿ ಕಡೆಯ ಇಬ್ಬರು ಮಾತ್ರ ಹೊಣೆಗಾರರಾಗಿ ನಿಂತು ಹೆಂಡತಿಯನ್ನು ಖಾಯಂ ನಿವಾಸಿಯಾಗಿ ಕರೆಸಿಕೊಳ್ಳಬಲ್ಲರು. ಅದರಲ್ಲಿಯೂ ಖಾಯಂ ನಿವಾಸಿಯು ಆ ದೇಶದಲ್ಲಿ ವಾಸವಾಗಿದ್ದೇ ಅರ್ಜಿ ಹಾಕಬೇಕು; ಪ್ರಜೆಯಾದವನು ಹೊರಗಿದ್ದರೂ, ಹೆಂಡತಿಯು ಬರುವ ವೇಳೆಗೆ ಅಲ್ಲಿ ನೆಲೆಸುವೆನೆಂದು ತೋರಿಸಿದರೆ ಸಾಕು. ಗಂಡಹೆಂಡಿರಿಬ್ಬರಿಗೂ ಹದಿನೆಂಟು ತುಂಬಿರಬೇಕು. ದಿವಾಳಿಯೆದ್ದು ಬಿಡುಗಡೆ ಹೊಂದದವನು, ಸರ್ಕಾರದ ದೀನಸಹಾಯದಿಂದ ಜೀವಿಸುವವನು (ಅಂಗವೈಕಲ್ಯದ ಸಹಾಯವೊಂದನ್ನು ಬಿಟ್ಟು), ಹಿಂದೆ ಕೊಟ್ಟ ಹೊಣೆಯನ್ನು ತಪ್ಪಿಸಿದವನು, ಮನೆಯವರ ಮೇಲೆ ಹಲ್ಲೆ ನಡೆಸಿ ಶಿಕ್ಷೆ ಹೊಂದಿದವನು, ಇಂಥವರ ಹೊಣೆಯನ್ನು ಒಪ್ಪುವುದಿಲ್ಲ. ತಾನೇ ಹೆಂಡತಿಯ ಅಥವಾ ಗಂಡನ ಹೊಣೆಯ ಮೇಲೆ ಹೋದವನಾಗಿದ್ದರೆ, ಖಾಯಂ ನಿವಾಸಿಯಾದ ದಿನದಿಂದ ಐದು ವರ್ಷ ಕಳೆಯುವವರೆಗೆ ಇನ್ನೊಬ್ಬಳನ್ನು ಕರೆಸುವಂತಿಲ್ಲ. ಎರಡನೆಯ ಸಂಬಂಧದ ವರನಾದರೆ ಇದನ್ನು ಬಿಡದೆ ಕೇಳಬೇಕು.

ಹೆಂಡತಿಯನ್ನು ಕರೆಸುವವನಿಗೆ ಸಾಮಾನ್ಯವಾಗಿ ಇಂತಿಷ್ಟೇ ವರಮಾನವಿರಬೇಕೆಂಬ ಲೆಕ್ಕವಿಲ್ಲ. ಅದರ ಬದಲು ಅವನು ಒಂದು ಹೊಣೆಪತ್ರಕ್ಕೆ ರುಜು ಹಾಕುವನು. ಆಕೆಯು ಖಾಯಂ ನಿವಾಸಿಯಾದಂದಿನಿಂದ ಮೂರು ವರ್ಷ ಅನ್ನ, ಬಟ್ಟೆ, ಮನೆ ಮುಂತಾದ ಅಗತ್ಯಗಳನ್ನು ತಾನು ಒದಗಿಸುವುದಾಗಿಯೂ, ಆ ಅವಧಿಯಲ್ಲಿ ಆಕೆಯು ಸರ್ಕಾರದ ಸಹಾಯಧನ ಪಡೆದರೆ ಅದನ್ನು ತಾನು ತೀರಿಸುವುದಾಗಿಯೂ ಅದರ ಒಕ್ಕಣೆ. ನಡುವೆ ಮನಸ್ತಾಪವಾಗಿ ವಿಚ್ಛೇದನವಾದರೂ, ಅವನ ಕೆಲಸ ಹೋದರೂ, ಆಕೆಗೆ ಪೌರತ್ವ ದೊರೆತರೂ ಹೊಣೆ ಅಳಿಯುವುದಿಲ್ಲ. ತಂದೆತಾಯಿಗಳನ್ನು ಕರೆಸಿಕೊಳ್ಳುವ ಮಗನಿಗೆ, ಕ್ವಿಬೆಕ್ ಪ್ರಾಂತ್ಯದ ಹೊರಗೆ, ಈ ಅವಧಿಯು ಇಪ್ಪತ್ತು ವರ್ಷ. ವರಮಾನದ ಲೆಕ್ಕವೂ ಉಂಟು. ಅದು ಬೇರೆ ಕಥೆ.

ಎಲ್ಲಕ್ಕಿಂತ ಭಯಂಕರವಾದುದು ಮುಚ್ಚಿಟ್ಟ ಮದುವೆ. ಅವಿವಾಹಿತನೆಂದು ಬರೆದು ಖಾಯಂ ನಿವಾಸಕ್ಕೆ ಅರ್ಜಿ ಹಾಕಿದ ಹುಡುಗನು, ಅಪ್ಪಣೆ ಬರುವುದಕ್ಕೆ ಮುಂಚೆ ರಜೆಯ ಮೇಲೆ ಊರಿಗೆ ಬಂದು ಮದುವೆಯಾಗುವನು. ‘ಈಗ ತಿಳಿಸಿದರೆ ತಡವಾದೀತು, ಆಮೇಲೆ ಕರೆಸಿಕೊಂಡರಾಯಿತು’ ಎಂದು ಯಾರೋ ಬುದ್ಧಿ ಹೇಳುವರು. ಆದರೆ ಕೆನಡಾದ ನಿಬಂಧನೆಯಂತೆ, ತಾನು ಖಾಯಂ ನಿವಾಸಿಯಾಗುವ ಕ್ಷಣದಲ್ಲಿ ಇದ್ದ ಹೆಂಡತಿಯನ್ನು ತಿಳಿಸದೆ, ಆಕೆಯ ವೈದ್ಯಪರೀಕ್ಷೆ ಮೊದಲಾದುವು ನಡೆಯದೆ ಹೋದರೆ, ಆಕೆಯನ್ನು ಮುಂದೆ ಕುಟುಂಬದವಳೆಂದು ಕರೆಸುವ ಬಾಗಿಲು ಮುಚ್ಚಿಹೋಗುತ್ತದೆ. ಆಕೆಯು ಜೊತೆಯಲ್ಲಿ ಹೊರಡುವವಳಲ್ಲದಿದ್ದರೂ ತಿಳಿಸಲೇಬೇಕು. 2019ರಲ್ಲಿ ಶರಣಾರ್ಥಿಗಳೇ ಮೊದಲಾದ ಕೆಲವು ವರ್ಗದವರಿಗೆ ಈ ಕಟ್ಟನ್ನು ಸಡಿಲಿಸಿದರು. ವಿದ್ಯೆಯ ಬಲದಿಂದ ಹೋದ ನಮ್ಮ ಹುಡುಗರು ಆ ವರ್ಗಕ್ಕೆ ಸೇರಿದವರಲ್ಲ. ಇಲ್ಲಿ ದಂಡ ತೆರುವವಳು ಅರ್ಜಿಯನ್ನು ಕಣ್ಣಿನಿಂದಲೂ ನೋಡದ ಹುಡುಗಿ. ಆದುದರಿಂದ ಹೆಣ್ಣಿನ ತಂದೆಯಾದವನು ವರನ ಅರ್ಜಿ ಯಾವ ಹಂತದಲ್ಲಿದೆಯೆಂದು ಸಂಕೋಚವಿಲ್ಲದೆ ಕೇಳಬೇಕು. ಕೇಳಿದರೆ ಮುನಿಸಿಕೊಳ್ಳುವ ಬೀಗರ ವಿಷಯದಲ್ಲಿ ಎರಡು ಸಲ ಯೋಚಿಸಬೇಕು.

ಇನ್ನು ಮದುವೆಯ ಸತ್ಯತೆ. ಈ ಸಂಬಂಧವು ನಿಜವಾದುದೆ, ಅಥವಾ ದೇಶಪ್ರವೇಶಕ್ಕಾಗಿಯೇ ಮಾಡಿಕೊಂಡದ್ದೆ ಎಂದು ಅಧಿಕಾರಿಗಳು ಪರೀಕ್ಷಿಸುವರು. ಹಿರಿಯರು ನೋಡಿ ಮಾಡಿದ ಮದುವೆಯೆಂದರೆ ಅವರಿಗೆ ಹೊಸತಲ್ಲ. ಆದರೆ ಹತ್ತು ದಿನದ ರಜೆಯಲ್ಲಿ ನೋಡಿ, ಒಪ್ಪಿ, ತಾಳಿ ಕಟ್ಟಿ ಹೊರಟುಹೋದವನು ಸಾಕ್ಷ್ಯವನ್ನು ಕೂಡಿಹಾಕಿಕೊಂಡಿರಬೇಕು. ಲಗ್ನಪತ್ರಿಕೆ, ಬಂಧುಬಳಗದವರು ಕಾಣುವ ಮದುವೆಯ ಚಿತ್ರಗಳು, ಪರಸ್ಪರ ಮಾತುಕತೆಯ ದಾಖಲೆ, ಅವನು ಬಂದುಹೋದ ಪ್ರಯಾಣದ ಚೀಟಿಗಳು, ಇವುಗಳಲ್ಲಿ ಯಾವುದನ್ನೂ ಎಸೆಯಬಾರದು. ವಧೂವರರಿಬ್ಬರೂ ಮದುವೆಯ ಸ್ಥಳದಲ್ಲಿ ಪ್ರತ್ಯಕ್ಷವಾಗಿ ಇರಬೇಕು. ಹಿಂದೆ ಕೆಲವು ಮನೆತನಗಳಲ್ಲಿ ವರನ ಬದಲು ಅವನ ಕತ್ತಿಯನ್ನಿಟ್ಟು ಮದುವೆ ನಡೆಸುತ್ತಿದ್ದರಂತೆ; ಈಗಿನ ಕತ್ತಿ ದೂರವಾಣಿ. ಅಂಥ ಮದುವೆಗಳನ್ನು 2015ರಿಂದ ಕೆನಡಾ ಈ ಕಾರ್ಯಕ್ಕೆ ಮಾನ್ಯಮಾಡುವುದಿಲ್ಲ.

ಛತ್ರದವರ ರಸೀತಿಯಾಗಲಿ ಪುರೋಹಿತರ ಪತ್ರವಾಗಲಿ ಸಾಲದು. ಸಬ್‌ರಿಜಿಸ್ಟ್ರಾರರ ಕಛೇರಿಯಲ್ಲಿ ಮದುವೆಯನ್ನು ನೋಂದಾಯಿಸಿ ಪ್ರಮಾಣಪತ್ರ ಪಡೆಯತಕ್ಕದ್ದು. ಪೊಲೀಸ್ ಪ್ರಮಾಣಪತ್ರವನ್ನು ಪಾಸ್‌ಪೋರ್ಟ್ ಕಛೇರಿಯಿಂದ ಪಡೆಯಬಹುದು. ಕನ್ನಡದಲ್ಲಿರುವ ಕಾಗದಗಳಿಗೆ ಇಂಗ್ಲಿಷ್ ಅಥವಾ ಫ್ರೆಂಚ್ ಅನುವಾದ ಬೇಕು. ಮನೆಯವರು ಮಾಡಿದ ಅನುವಾದ ನಡೆಯದು.

ಇಲ್ಲೆಲ್ಲ ಕನ್ನಡಿಗರನ್ನು ಕಾಡುವುದು ಹೆಸರು. ನಮ್ಮಲ್ಲಿ ಅನೇಕರಿಗೆ ಮನೆತನದ ಹೆಸರೇ ಇಲ್ಲ. ಊರಿನ ಹೆಸರಿನ ಒಂದಕ್ಷರ, ತಂದೆಯ ಹೆಸರಿನ ಒಂದಕ್ಷರ, ಮುಂದೆ ತನ್ನ ಹೆಸರು, ಇಷ್ಟೇ. ಶಾಲೆಯ ಪತ್ರದಲ್ಲಿ ‘ಹೆಚ್. ಎಸ್.’ ಎಂದಿರುವುದು ಪಾಸ್‌ಪೋರ್ಟಿನಲ್ಲಿ ಬಿಡಿಸಿ ಬರೆದಾಗ ಊರಾಗಿಯೂ ತಂದೆಯಾಗಿಯೂ ಬೆಳೆಯುತ್ತದೆ. ಮದುವೆಯ ಪತ್ರದಲ್ಲಿ ಗಂಡನ ಹೆಸರು ಸೇರುತ್ತದೆ. ಒಬ್ಬಳೇ ಹುಡುಗಿಯು ಮೂವರಂತೆ ಕಾಣುತ್ತಾಳೆ. ಒಂದೇ ಹೆಸರುಳ್ಳವರ ಹೆಸರನ್ನು ಅಲ್ಲಿನವರು ಮನೆತನದ ಹೆಸರಿನ ಸ್ಥಾನದಲ್ಲಿ ಬರೆಯುವರು. ಆದುದರಿಂದ ಮದುವೆಯ ನೋಂದಣಿಗೆ ಮುಂಚೆಯೇ, ಪಾಸ್‌ಪೋರ್ಟಿನಲ್ಲಿ ಇರುವ ಅಕ್ಷರಗಳನ್ನೇ ಎಲ್ಲ ಕಡೆಯೂ ಬರೆಸಲು ನಿಶ್ಚಯಿಸಿಕೊಳ್ಳುವುದು ಲೇಸು.

ವೈದ್ಯಪರೀಕ್ಷೆಗೆ ಹೆಚ್ಚಾಗಿ ಹೆದರಬೇಕಾಗಿಲ್ಲ. ಚಿಕಿತ್ಸೆಗೆ ಸರ್ಕಾರಕ್ಕೆ ಬಹಳ ಖರ್ಚಾಗುವುದೆಂಬ ಕಾರಣದಿಂದ ಹೊಣೆಗಾರನ ಹೆಂಡತಿಯನ್ನು ತಡೆಯುವಂತಿಲ್ಲ. ಸಾರ್ವಜನಿಕರ ಆರೋಗ್ಯಕ್ಕೆ ಅಥವಾ ಕ್ಷೇಮಕ್ಕೆ ಅಪಾಯವಾದರೆ ಮಾತ್ರ ತಡೆ.

ಅರ್ಜಿಯು ಭಾರತದಿಂದ ನಡೆದು ತಿರಸ್ಕೃತವಾದರೆ ಹೊಣೆಗಾರನು ಅಲ್ಲಿನ ಅಪೀಲು ಮಂಡಲಿಗೆ ಹೋಗಬಹುದು. ಹೆಂಡತಿಯು ಕೆನಡಾದಲ್ಲಿದ್ದುಕೊಂಡೇ, ಅಲ್ಲಿರುವವರ ವರ್ಗದಲ್ಲಿ ಹಾಕಿದ ಅರ್ಜಿಗೆ ಈ ಅಪೀಲಿಲ್ಲ. ಯಾವ ದಾರಿಯಾದರೂ ಸರಿ, ಖಾಯಂ ನಿವಾಸ ದೊರೆಯುವ ದಿನದವರೆಗೆ ಗಂಡನು ತನ್ನ ಹೊಣೆಯನ್ನು ಹಿಂತೆಗೆದುಕೊಳ್ಳಬಲ್ಲನು. ಆ ತನಕ ಹುಡುಗಿಯ ಸ್ಥಿತಿ ಅಷ್ಟು ಭದ್ರವಲ್ಲ. ಇದನ್ನು ಆಕೆಗೂ ತಿಳಿಸಿರಬೇಕು.

ದೊರೆತ ಮೇಲಾದರೋ ಮಾತು ಬೇರೆ. 2012ರ ಅಕ್ಟೋಬರಿನಿಂದ, ಮಕ್ಕಳಿಲ್ಲದ ಹೊಸ ದಂಪತಿಗಳು ಎರಡು ವರ್ಷ ಕೂಡಿ ಬಾಳದಿದ್ದರೆ ಬಂದವಳ ನಿವಾಸವು ರದ್ದಾಗಬಹುದೆಂಬ ಷರತ್ತನ್ನು ಹಾಕಿದ್ದರು. ಹೊಡೆತ ತಿಂದರೂ ದೇಶದಿಂದ ಹೊರಹಾಕುವರೆಂಬ ಅಂಜಿಕೆಯಿಂದ ಹೆಂಗಸರು ಬಾಯಿಬಿಡದೆ ಇರುವರೆಂಬ ಆಕ್ಷೇಪವೆದ್ದು, 2017ರಲ್ಲಿ ಆ ಷರತ್ತನ್ನು ತೆಗೆದುಹಾಕಿದರು. ಈಗ ಸತ್ಯವಾಗಿ ಮದುವೆಯಾಗಿ ಹೋದವಳು, ಗಂಡನ ಮನೆಯನ್ನು ಬಿಟ್ಟಮಾತ್ರಕ್ಕೆ ದೇಶವನ್ನು ಬಿಡಬೇಕಾಗಿಲ್ಲ. ಈ ಮಾತನ್ನು ಹೊರಡುವ ಹುಡುಗಿಯ ಕಿವಿಗೆ ಹಾಕುವುದು ಅಮಂಗಳವೆಂದು ತಾಯಂದಿರು ಭಾವಿಸಬಾರದು. ಪಾಸ್‌ಪೋರ್ಟು, ನಿವಾಸದ ಚೀಟಿ, ಮದುವೆಯ ಪ್ರಮಾಣಪತ್ರ ಇವು ಆಕೆಯ ಪೆಟ್ಟಿಗೆಯಲ್ಲಿಯೇ ಇರಲಿ. ಒಂದೊಂದು ಪ್ರತಿ ತೌರುಮನೆಯಲ್ಲಿಯೂ ಇರಲಿ.