ಬಿತ್ತನೆ ಯಂತ್ರಕ್ಕೆ ಎಲೆಕ್ಟ್ರಾನಿಕ್ ಕಣ್ಗಾವಲು: ಗ್ರಾಮ ಪಂಚಾಯಿತಿ ಸದಸ್ಯರು ತಿಳಿದಿರಬೇಕಾದ ಸಂಗತಿಗಳು

ಹೂವಿನಹಡಗಲಿ, ಹರಪನಹಳ್ಳಿ, ಕೂಡ್ಲಿಗಿ, ಕೊಟ್ಟೂರು ಹಾಗೂ ಹಗರಿಬೊಮ್ಮನಹಳ್ಳಿ ತಾಲ್ಲೂಕುಗಳ ಮುಖ್ಯ ಬೆಳೆಗಳಾದ ಮೆಕ್ಕೆಜೋಳ, ಜೋಳ, ಸೂರ್ಯಕಾಂತಿ, ಶೇಂಗಾ, ತೊಗರಿ, ಹತ್ತಿ ಇವೆಲ್ಲವೂ ಸಾಲು ಬೆಳೆಗಳೇ ಆಗಿವೆ. ತುಂಗಭದ್ರಾ ನದಿಯ ದಡದಲ್ಲಿರುವ ಮಾಗಳದಂತಹ ಗ್ರಾಮಗಳಲ್ಲಿಯೂ ನದಿಯಿಂದ ತುಸು ದೂರ ಸರಿದರೆ ಬೇಸಾಯವು ಮಳೆಯನ್ನೇ ಆಶ್ರಯಿಸಿದೆ. ಮೈಲಾರದ ಕಾರಣಿಕದ ನುಡಿಯಲ್ಲಿ ಮಳೆ ಬೆಳೆಯ ಸೂಚನೆಯನ್ನು ಹುಡುಕುವ ಈ ಭಾಗದಲ್ಲಿ ಬಿತ್ತನೆಗೆ ದೊರೆಯುವ ಹದ ಕೆಲವೇ ದಿನಗಳದ್ದು. ಆ ದಿನಗಳಲ್ಲಿ ಬೀಜ ಬೀಳದೆ ಹೋದ ಸಾಲು ಆ ವರ್ಷವಿಡೀ ಖಾಲಿಯಾಗಿಯೇ ಉಳಿಯುತ್ತದೆ. ಇಂತಹ ನಷ್ಟವನ್ನು ಬಿತ್ತನೆ ನಡೆಯುತ್ತಿರುವಾಗಲೇ ಗುರುತಿಸುವ ಸಾಧನವೇ ಎಲೆಕ್ಟ್ರಾನಿಕ್ ಬಿತ್ತನೆ ನಿಗಾ ವ್ಯವಸ್ಥೆ. ಅದರ ಕಾರ್ಯವಿಧಾನ, ಪ್ರಯೋಜನ, ಮಿತಿ ಹಾಗೂ ಗ್ರಾಮ ಪಂಚಾಯಿತಿಯ ಪಾತ್ರವನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಕೂರಿಗೆಯಿಂದ ಟ್ರ್ಯಾಕ್ಟರಿಗೆ: ಕಳೆದುಹೋದ ಕಣ್ಣು

ಎತ್ತಿನ ಕೂರಿಗೆಯಲ್ಲಿ ಬಿತ್ತುವಾಗ ಬೀಜ ಹಾಕುವವರು, ಹೆಚ್ಚಾಗಿ ಮಹಿಳೆಯರು, ಕೂರಿಗೆಯ ಹಿಂದೆಯೇ ನಡೆಯುತ್ತಾರೆ. ಬಟ್ಟಲಿಗೆ ಬೀಜ ಬಿಡುವ ಕೈಯೇ ಬೀಜದ ಪ್ರಮಾಣವನ್ನು ನಿಯಂತ್ರಿಸುತ್ತದೆ. ಯಾವುದಾದರೂ ತಾಳಿನ ನಳಿಕೆಯಲ್ಲಿ ಮಣ್ಣು ಸಿಕ್ಕಿದರೆ ಬೀಜ ಬಟ್ಟಲಿನಲ್ಲಿಯೇ ನಿಲ್ಲುತ್ತದೆ. ಅದು ತಕ್ಷಣ ಕಣ್ಣಿಗೆ ಬೀಳುತ್ತದೆ. ಎತ್ತು ನಿಲ್ಲಿಸಿ ಕಡ್ಡಿಯಿಂದ ನಳಿಕೆಯನ್ನು ಶುದ್ಧಗೊಳಿಸಲಾಗುತ್ತದೆ.

ಟ್ರ್ಯಾಕ್ಟರ್ ಚಾಲಿತ ಯಂತ್ರದಲ್ಲಿ ಈ ಕಾವಲು ಇಲ್ಲ. ಬೀಜ ಮುಚ್ಚಿದ ನಳಿಕೆಯೊಳಗೆ ಇಳಿದು ನೇರವಾಗಿ ಮಣ್ಣು ಸೇರುತ್ತದೆ. ಚಾಲಕನ ದೃಷ್ಟಿ ಮುಂದಿರುತ್ತದೆ, ಯಂತ್ರ ಹಿಂದಿರುತ್ತದೆ. ಈ ಕೊರತೆಯನ್ನು ತುಂಬಲು ಒಬ್ಬ ವ್ಯಕ್ತಿಯನ್ನು ಯಂತ್ರದ ಮೇಲೆಯೇ ನಿಲ್ಲಿಸಿ ಅಥವಾ ಕೂರಿಸಿ ಬೀಜ ಬೀಳುವುದನ್ನು ನೋಡಿಸುವ ರೂಢಿ ಕೆಲವೆಡೆ ಇದೆ. ಇದು ಅತ್ಯಂತ ಅಪಾಯಕಾರಿ. ಉಬ್ಬು ತಗ್ಗಿನ ಹೊಲದಲ್ಲಿ ಆಯ ತಪ್ಪಿದರೆ ಆ ವ್ಯಕ್ತಿ ಕುಳಗಳ ಮುಂದೆ ಅಥವಾ ಚಕ್ರದ ಕೆಳಗೆ ಬೀಳುತ್ತಾನೆ. ಬೀಜ ನೋಡುವ ಕೆಲಸವನ್ನು ಉಪಕರಣಕ್ಕೆ ವಹಿಸಬೇಕೆನ್ನುವುದಕ್ಕೆ ಇದೊಂದೇ ಕಾರಣವೂ ಸಾಕು.

ಒಂದು ಎಕರೆಯ ಲೆಕ್ಕ

ಮೆಕ್ಕೆಜೋಳವನ್ನು ಸಾಲಿನಿಂದ ಸಾಲಿಗೆ 60 ಸೆಂ.ಮೀ., ಬೀಜದಿಂದ ಬೀಜಕ್ಕೆ 20 ಸೆಂ.ಮೀ. ಅಂತರದಲ್ಲಿ ಬಿತ್ತುವುದೆಂದು ಭಾವಿಸೋಣ. ಒಂದು ಎಕರೆ ಎಂದರೆ ಸುಮಾರು 4,047 ಚದರ ಮೀಟರ್. ಅದರಲ್ಲಿ ಸಾಲುಗಳ ಒಟ್ಟು ಉದ್ದ ಸುಮಾರು 6,745 ಮೀಟರ್ ಆಗುತ್ತದೆ. ಬೀಳಬೇಕಾದ ಬೀಜಗಳು ಸುಮಾರು 33,700.

ನಾಲ್ಕು ಸಾಲಿನ ಯಂತ್ರವು ಗಂಟೆಗೆ 4 ಕಿ.ಮೀ. ವೇಗದಲ್ಲಿ ಚಲಿಸಿದರೆ ಪ್ರತಿ ಸಾಲಿನಲ್ಲಿ ಒಂದು ಸೆಕೆಂಡಿಗೆ ಐದಾರು ಬೀಜಗಳು, ನಾಲ್ಕೂ ಸಾಲು ಸೇರಿ ಸುಮಾರು 22 ಬೀಜಗಳು ಬೀಳಬೇಕು. ಇದನ್ನು ಎಣಿಸುವುದು ಮನುಷ್ಯನ ಕಣ್ಣಿಗೆ ಸಾಧ್ಯವಿಲ್ಲ. ತಿರುವುಗಳು ಹಾಗೂ ಬೀಜ ತುಂಬುವ ಸಮಯವನ್ನು ಸೇರಿಸಿದರೂ ಇಂತಹ ಯಂತ್ರ ಒಂದು ಎಕರೆಯನ್ನು ಮುಕ್ಕಾಲು ಗಂಟೆಯೊಳಗೆ ಮುಗಿಸಬಲ್ಲದು. ಅಷ್ಟರಲ್ಲಿ ಒಂದು ನಳಿಕೆ ಕಟ್ಟಿಕೊಂಡಿದ್ದು ಗಮನಕ್ಕೆ ಬಾರದಿದ್ದರೆ ಆ ಎಕರೆಯಲ್ಲಿ ಸುಮಾರು 8,400 ಬೀಜಗಳು ಬೀಳುವುದೇ ಇಲ್ಲ. ಉಳುಮೆ, ಗೊಬ್ಬರ, ಬಾಡಿಗೆ, ಕಳೆ ತೆಗೆಯುವ ಕೂಲಿ ಇವೆಲ್ಲವೂ ಪೂರ್ಣ ಎಕರೆಗೆ ಖರ್ಚಾಗುತ್ತವೆ. ಬೆಳೆ ಮಾತ್ರ ಮುಕ್ಕಾಲು ಎಕರೆಯದ್ದಾಗುತ್ತದೆ.

ವ್ಯವಸ್ಥೆ ಕೆಲಸ ಮಾಡುವ ಬಗೆ

ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1966ರಲ್ಲಿ ಆರಂಭವಾದ ಡಿಕಿ-ಜಾನ್ ಸಂಸ್ಥೆಯು ಮೆಕ್ಕೆಜೋಳದ ಬಿತ್ತನೆ ಯಂತ್ರಗಳಿಗೆ ಇಂತಹ ಸಾಧನವನ್ನು ಅಳವಡಿಸಿದ ಮೊದಲಿಗರಲ್ಲೊಂದು. ಮೂಲತತ್ತ್ವ ಇಂದಿಗೂ ಬದಲಾಗಿಲ್ಲ. ವ್ಯವಸ್ಥೆಯಲ್ಲಿ ಮೂರು ಭಾಗಗಳಿರುತ್ತವೆ.

ಮೊದಲನೆಯದು ಬೀಜ ಸಂವೇದಕ. ಪ್ರತಿ ನಳಿಕೆಯ ಒಂದು ಬದಿಯಲ್ಲಿ ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನು ಸೂಸುವ ದೀಪ, ಎದುರು ಬದಿಯಲ್ಲಿ ಆ ಬೆಳಕನ್ನು ಗ್ರಹಿಸುವ ಬಿಲ್ಲೆ ಇರುತ್ತವೆ. ಬೀಜ ಇಳಿಯುವಾಗ ಬೆಳಕಿಗೆ ಕ್ಷಣಕಾಲ ಅಡ್ಡ ಬರುತ್ತದೆ. ಪ್ರತಿ ಅಡ್ಡಿಯನ್ನು ಒಂದು ಬೀಜವೆಂದು ಎಣಿಸಲಾಗುತ್ತದೆ.

ಎರಡನೆಯದು ವೇಗ ಸಂವೇದಕ. ಇದು ಚಕ್ರದ ಸುತ್ತುಗಳನ್ನು ಎಣಿಸಿ ಅಥವಾ ಜಿಪಿಎಸ್ ಮೂಲಕ ಯಂತ್ರ ಸಾಗಿದ ದೂರವನ್ನು ತಿಳಿಸುತ್ತದೆ.

ಮೂರನೆಯದು ಚಾಲಕನ ಮುಂದಿರುವ ಪರದೆ. ಬೀಜಗಳ ಸಂಖ್ಯೆಯನ್ನು ದೂರದಿಂದ ಭಾಗಿಸಿ, ಸಾಲಿನ ಅಂತರವನ್ನು ಲೆಕ್ಕಕ್ಕೆ ಸೇರಿಸಿ, ಎಕರೆಗೆ ಬೀಳುತ್ತಿರುವ ಬೀಜಗಳ ಪ್ರಮಾಣವನ್ನು ಇದು ತೋರಿಸುತ್ತದೆ. ಯಾವುದೇ ಸಾಲು ನಿಂತರೆ ದೀಪ ಬೆಳಗಿ ಗಂಟೆ ಮೊಳಗುತ್ತದೆ.

ಸರಳ ಮಾದರಿಗಳು ಸಾಲಿಗೊಂದು ದೀಪದಂತೆ ಬೀಜ ಬೀಳುತ್ತಿದೆಯೇ ಇಲ್ಲವೇ ಎಂಬುದನ್ನಷ್ಟೇ ತಿಳಿಸುತ್ತವೆ. ಮುಂದುವರಿದ ಮಾದರಿಗಳು ಬೀಜಗಳ ನಡುವಣ ಅಂತರವನ್ನೂ ಅಳೆಯುತ್ತವೆ. ಅಂತರರಾಷ್ಟ್ರೀಯ ಮಾನಕ ಐಎಸ್‌ಒ 7256ರ ಪ್ರಕಾರ ನಿಗದಿತ ಅಂತರದ ಒಂದೂವರೆ ಪಟ್ಟಿಗಿಂತ ಹೆಚ್ಚಿನ ಬಿಡುವನ್ನು ಬೀಜ ತಪ್ಪಿದ್ದೆಂದೂ, ಅರ್ಧಕ್ಕಿಂತ ಕಡಿಮೆ ಇದ್ದರೆ ಜೋಡಿ ಬೀಜವೆಂದೂ ಪರಿಗಣಿಸಲಾಗುತ್ತದೆ. 20 ಸೆಂ.ಮೀ. ಅಂತರದ ಬಿತ್ತನೆಗೆ ಈ ಗಡಿಗಳು ಕ್ರಮವಾಗಿ 30 ಹಾಗೂ 10 ಸೆಂ.ಮೀ. ಬಾಡಿಗೆ ಯಂತ್ರಗಳು ಹೆಚ್ಚಾಗಿ ಯಾವ ಸಂವೇದಕವೂ ಇಲ್ಲದವಾಗಿರುವುದರಿಂದ ಸರಳ ಮಾದರಿಯೇ ಮೊದಲ ಹೆಜ್ಜೆಯಾಗಿ ಸಾಕಾಗುತ್ತದೆ.

ಪರದೆಯನ್ನು ನಂಬುವ ಮುನ್ನ

ಈ ಉಪಕರಣಕ್ಕೆ ಮಿತಿಗಳಿವೆ. ಅವುಗಳನ್ನು ಅರಿಯದೆ ಬಳಸಿದರೆ ಅದು ಸುಳ್ಳು ಧೈರ್ಯ ಕೊಡುತ್ತದೆ.

1. ಸಂವೇದಕ ನೋಡುವುದು ನಳಿಕೆಯನ್ನು ಮಾತ್ರ. ಬೀಜ ಎಷ್ಟು ಆಳಕ್ಕೆ ಬಿತ್ತು, ತೇವದ ಮಣ್ಣು ಸೇರಿತೇ, ಮೇಲೆ ಮಣ್ಣು ಮುಚ್ಚಿತೇ ಎಂಬುದು ಅದಕ್ಕೆ ತಿಳಿಯದು. ಎರೆಭೂಮಿಯಲ್ಲಿ ತೇವ ಹೆಚ್ಚಿದ್ದಾಗ ಕುಳದ ತುದಿಗೆ ಜಿಗಟು ಮಣ್ಣು ಅಂಟುತ್ತದೆ. ನಳಿಕೆ ಪೂರ್ಣ ತುಂಬುವವರೆಗೆ ಬೀಜ ಸಂವೇದಕವನ್ನು ದಾಟುತ್ತಲೇ ಇರುವುದರಿಂದ ಎಚ್ಚರಿಕೆಯ ಗಂಟೆ ತಡವಾಗಬಹುದು.

2. ಬೀಜೋಪಚಾರದ ಪುಡಿ ಹಾಗೂ ಮಸಾರಿ ಹೊಲದ ಧೂಳು ಸಂವೇದಕದ ಮೇಲೆ ಕೂತು ಬೆಳಕನ್ನು ಮಂಕಾಗಿಸುತ್ತವೆ. ಪ್ರತಿದಿನ ಕೆಲಸ ಆರಂಭಿಸುವ ಮುನ್ನ ಮೃದು ಕುಂಚದಿಂದ ಶುದ್ಧಗೊಳಿಸಬೇಕು.

3. ಎರಡು ಬೀಜಗಳು ಒಟ್ಟಿಗೆ ಇಳಿದರೆ ಒಂದೆಂದು ಎಣಿಕೆಯಾಗಬಹುದು. ಬೀಜದ ಚೂರನ್ನೂ ಸಂವೇದಕ ಪೂರ್ಣ ಬೀಜವೆಂದೇ ಎಣಿಸಬಹುದು.

4. ಬೀಜ ಉದುರಿಸುವ ತಟ್ಟೆಯನ್ನು ತಿರುಗಿಸುವ ಚಕ್ರವು ನೆಲದ ಮೇಲೆ ಜಾರಿದರೆ ಬೀಜ ಕಡಿಮೆ ಬೀಳುತ್ತದೆ. ದೂರವನ್ನೂ ಅದೇ ಚಕ್ರದಿಂದ ಅಳೆಯುತ್ತಿದ್ದರೆ ಬೀಜವೂ ದೂರವೂ ಸಮನಾಗಿ ಕಡಿಮೆಯಾಗಿ, ಪರದೆಯಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಚಕ್ರ ನೂರಕ್ಕೆ ಹತ್ತರಷ್ಟು ಜಾರಿದರೆ 20 ಸೆಂ.ಮೀ. ಅಂತರವು 22 ಸೆಂ.ಮೀ.ಗೆ ಹಿಗ್ಗುತ್ತದೆ. ಜಿಪಿಎಸ್ ವೇಗ ಅಥವಾ ಹೊಲದಲ್ಲಿ ಟೇಪು ಹಿಡಿದು ಮಾಡುವ ಅಳತೆ ಮಾತ್ರ ಇದನ್ನು ಬಯಲಿಗೆಳೆಯಬಲ್ಲದು.

5. ಅಕ್ಕಡಿ ಸಾಲಿನಲ್ಲಿ ತೊಗರಿಯನ್ನು ಬೇರೆ ಅಂತರದಲ್ಲಿ ಬಿತ್ತುವಾಗ ಆ ಸಾಲಿಗೆ ಪ್ರತ್ಯೇಕ ಗುರಿಯನ್ನು ನಮೂದಿಸಬೇಕು. ಇಲ್ಲವಾದರೆ ಗಂಟೆ ವಿನಾಕಾರಣ ಮೊಳಗುತ್ತದೆ. ಬೇಸತ್ತ ಚಾಲಕ ಅದನ್ನು ಆರಿಸಿಬಿಡುತ್ತಾನೆ. ಆರಿಸಿದ ಗಂಟೆ ನಿಜವಾದ ತಡೆಯನ್ನೂ ತಿಳಿಸದು.

ಆದ್ದರಿಂದ ಬಿತ್ತನೆಗೆ ಮುನ್ನ ಎರಡು ಪರೀಕ್ಷೆಗಳು ಅವಶ್ಯ. ಯಂತ್ರ ನಿಂತಿರುವಾಗ ಪ್ರತಿ ನಳಿಕೆಗೆ ಹತ್ತು ಬೀಜಗಳನ್ನು ಒಂದೊಂದಾಗಿ ಬಿಟ್ಟು, ಪರದೆಯಲ್ಲಿ ಹತ್ತೇ ಕಾಣುವುದೇ ಎಂದು ನೋಡಬೇಕು. ಬಳಿಕ ಹೊಲದಲ್ಲಿ ಸ್ವಲ್ಪ ದೂರ ಬಿತ್ತಿ, ಪ್ರತಿ ಸಾಲಿನಲ್ಲಿ ಮೂರು ಮೀಟರ್ ಉದ್ದ ಮಣ್ಣು ಸರಿಸಿ ಎಣಿಸಬೇಕು. 20 ಸೆಂ.ಮೀ. ಅಂತರವಿದ್ದರೆ ಸುಮಾರು 15 ಬೀಜಗಳು ಸಿಗಬೇಕು. ಆಳವನ್ನೂ ಆಗಲೇ ನೋಡಬಹುದು.

ದೂರು ಬಂದಾಗ ದೋಷ ಯಾರದು?

ಮೊಳಕೆ ವಿರಳವಾದಾಗ ರೈತರ ದೂರು ಮೊದಲು ಬರುವುದು ಗ್ರಾಮ ಪಂಚಾಯಿತಿ ಸದಸ್ಯರ ಬಳಿಗೆ. ಬೀಜ ಕಳಪೆಯೆಂದು ರೈತರು ಹೇಳುತ್ತಾರೆ. ಬಿತ್ತನೆ ಸರಿಯಿಲ್ಲವೆಂದು ಮಾರಾಟಗಾರರು ಹೇಳುತ್ತಾರೆ. ಮಳೆ ಸಾಲದೆಂದು ಯಂತ್ರದವರು ಹೇಳುತ್ತಾರೆ. ಹೊಲದ ಚಿತ್ರವನ್ನು ಗಮನವಿಟ್ಟು ನೋಡಿದರೆ ಉತ್ತರದ ಸುಳಿವು ಸಿಗುತ್ತದೆ.

ಖಾಲಿ ಸಾಲುಗಳು ನಿಯಮಿತವಾಗಿ ಮರುಕಳಿಸಿದರೆ ದೋಷ ಯಂತ್ರದ್ದು. ನಾಲ್ಕು ಸಾಲಿನ ಯಂತ್ರದ ಅಂಚಿನ ನಳಿಕೆ ಕಟ್ಟಿಕೊಂಡು, ಟ್ರ್ಯಾಕ್ಟರ್ ಹೋಗಿ ಬಂದು ಬಿತ್ತಿದ್ದರೆ, ಎರಡು ಖಾಲಿ ಸಾಲು ಒಟ್ಟಿಗೆ, ನಂತರ ಆರು ತುಂಬಿದ ಸಾಲು, ಮತ್ತೆ ಎರಡು ಖಾಲಿ ಸಾಲು ಕಾಣುತ್ತವೆ. ಸಾಲಿನ ಕ್ರಮವಿಲ್ಲದೆ ಅಲ್ಲಲ್ಲಿ ಮಚ್ಚೆಗಳಂತೆ ಖಾಲಿ ಇದ್ದರೆ ತೇವದ ಕೊರತೆ, ಕೀಟ, ಇಲಿ ಅಥವಾ ಹಕ್ಕಿಗಳ ಕಡೆಗೆ ನೋಡಬೇಕು. ಹೊಲದಾದ್ಯಂತ ಸಮನಾಗಿ ವಿರಳವಾಗಿದ್ದರೆ ಬೀಜದ ಮೊಳಕೆ ಪ್ರಮಾಣ, ಬಿತ್ತನೆಯ ಆಳ ಅಥವಾ ಚಕ್ರದ ಜಾರುವಿಕೆಯನ್ನು ಪರಿಶೀಲಿಸಬೇಕು.

ಸಸಿ ಎಣಿಕೆಗೆ ಸುಲಭ ವಿಧಾನವಿದೆ. 60 ಸೆಂ.ಮೀ. ಸಾಲಿನ ಅಂತರದಲ್ಲಿ 6.75 ಮೀಟರ್ ಉದ್ದದ ಸಾಲು ಎಕರೆಯ ಸಾವಿರದ ಒಂದು ಭಾಗವಾಗುತ್ತದೆ. ಅಷ್ಟು ಉದ್ದದಲ್ಲಿರುವ ಸಸಿಗಳನ್ನು ಸಾವಿರದಿಂದ ಗುಣಿಸಿದರೆ ಎಕರೆಯ ಸಸಿಗಳ ಸಂಖ್ಯೆ ದೊರೆಯುತ್ತದೆ. ಹಲವು ಕಡೆ ಎಣಿಸಿ ಸರಾಸರಿ ತೆಗೆಯಬೇಕು. ಪ್ರಮಾಣಿತ ಮೆಕ್ಕೆಜೋಳ ಬೀಜದ ಕನಿಷ್ಠ ಮೊಳಕೆ ಪ್ರಮಾಣ ಶೇ 90. ಪರದೆಯ ದಾಖಲೆಯಲ್ಲಿ 33,700 ಬೀಜ ಬಿದ್ದಿದ್ದರೆ ಸುಮಾರು 30,300 ಸಸಿಗಳನ್ನು ನಿರೀಕ್ಷಿಸಬಹುದು. ಹೊಲದಲ್ಲಿ ಮೊಳಕೆ ಇದಕ್ಕಿಂತ ತುಸು ಕಡಿಮೆಯಾಗುವುದು ಸಹಜ. ಬಿದ್ದ ಬೀಜ ಸರಿಯಿದ್ದು, ಸಸಿಗಳು ಬಹಳ ಕಡಿಮೆಯಿದ್ದರೆ 1966ರ ಬೀಜ ಕಾಯ್ದೆಯಡಿ ಬೀಜ ಪರಿವೀಕ್ಷಕರಿಗೆ ಸಲ್ಲಿಸುವ ದೂರಿಗೆ ಬಲ ಬರುತ್ತದೆ. ಬೀಜದ ಚೀಲ, ಚೀಟಿ, ರಸೀದಿ ಹಾಗೂ ಸ್ವಲ್ಪ ಉಳಿಕೆ ಬೀಜವನ್ನು ರೈತರು ಇಟ್ಟುಕೊಂಡಿರಬೇಕು.

ಫಸಲ್ ಬಿಮಾ ಯೋಜನೆಯು ತಡೆಯಲಾಗದ ಪ್ರಾಕೃತಿಕ ಅಪಾಯಗಳಿಗೆ ಸಂಬಂಧಿಸಿದ್ದು, ನಳಿಕೆ ಕಟ್ಟಿದ್ದರಿಂದ ಖಾಲಿಯಾದ ಸಾಲಿಗೆ ಅದರಡಿ ಪರಿಹಾರ ದೊರೆಯುವುದಿಲ್ಲ ಎಂಬುದನ್ನೂ ಸದಸ್ಯರು ಮನವರಿಕೆ ಮಾಡಿಕೊಡಬೇಕು. ಈ ನಷ್ಟವನ್ನು ತಡೆಯಬಹುದಾದ ಸಮಯ ಬಿತ್ತನೆಯ ದಿನ ಮಾತ್ರ.

ಗ್ರಾಮ ಪಂಚಾಯಿತಿ ಮಾಡಬಹುದಾದದ್ದು

ಸಂವಿಧಾನದ ಹನ್ನೊಂದನೇ ಅನುಸೂಚಿಯಲ್ಲಿ ಪಂಚಾಯಿತಿಗಳ ವಿಷಯಗಳ ಪೈಕಿ ಮೊದಲನೆಯದೇ ಕೃಷಿ ಮತ್ತು ಕೃಷಿ ವಿಸ್ತರಣೆ. ರಾಜ್ಯದಲ್ಲಿ 2014-15ರಿಂದ ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರಗಳು ಹೋಬಳಿ ಮಟ್ಟದಲ್ಲಿ ಕಾರ್ಯನಿರ್ವಹಿಸುತ್ತಿವೆ. ಅದೇ ವರ್ಷ ಆರಂಭವಾದ ಕೃಷಿ ಯಾಂತ್ರೀಕರಣ ಉಪ ಅಭಿಯಾನದಡಿ ಯಂತ್ರ ಖರೀದಿಗೆ ಸಹಾಯಧನವಿದೆ. ಇವುಗಳನ್ನು ಬಳಸಿಕೊಂಡು ಸದಸ್ಯರು ಈ ಕ್ರಮಗಳಿಗೆ ಮುಂದಾಗಬಹುದು.

1. ಮುಂಗಾರಿಗೆ ಮುನ್ನ ನಡೆಯುವ ಗ್ರಾಮ ಸಭೆಗೆ ರೈತ ಸಂಪರ್ಕ ಕೇಂದ್ರದ ಅಧಿಕಾರಿಯನ್ನೂ ಬಾಡಿಗೆ ಯಂತ್ರಗಳ ಚಾಲಕರನ್ನೂ ಆಹ್ವಾನಿಸಿ, ಹತ್ತು ಬೀಜದ ಪರೀಕ್ಷೆಯ ಪ್ರಾತ್ಯಕ್ಷಿಕೆ ಏರ್ಪಡಿಸುವುದು.

2. ಸಂವೇದಕವುಳ್ಳ ಬಿತ್ತನೆ ಯಂತ್ರದ ಅವಶ್ಯಕತೆಯನ್ನು ನಿರ್ಣಯದ ಮೂಲಕ ಕೃಷಿ ಇಲಾಖೆಯ ಗಮನಕ್ಕೆ ತರುವುದು. ಸಹಾಯಧನದ ಆಯಾ ವರ್ಷದ ಪ್ರಮಾಣ ಹಾಗೂ ಅರ್ಹತೆಯನ್ನು ರೈತ ಸಂಪರ್ಕ ಕೇಂದ್ರದಲ್ಲಿ ಖಚಿತಪಡಿಸಿಕೊಳ್ಳುವುದು.

3. ಸಹಾಯಧನದಲ್ಲಿ ಯಂತ್ರ ಪಡೆಯುವ ರೈತ ಉತ್ಪಾದಕ ಸಂಸ್ಥೆ, ಸ್ವಸಹಾಯ ಸಂಘಗಳಿಗೆ ಸಂವೇದಕದ ಬಿಡಿಭಾಗ ಹಾಗೂ ದುರಸ್ತಿ ಹತ್ತಿರದಲ್ಲಿ ದೊರೆಯುವುದೇ ಎಂದು ಮೊದಲು ವಿಚಾರಿಸಲು ತಿಳಿಸುವುದು. ಹಂಗಾಮಿನ ಬಳಿಕ ತಂತಿಗಳನ್ನು ಇಲಿಗಳಿಂದ ಕಾಪಾಡಲು ಸಂವೇದಕಗಳನ್ನು ಕಳಚಿ ಡಬ್ಬಿಯಲ್ಲಿ ಇಡುವುದು ಉತ್ತಮ.

4. ಬಿತ್ತನೆ ಯಂತ್ರದ ಮೇಲೆ ಯಾರನ್ನೂ ನಿಲ್ಲಿಸಬಾರದು, ಕೂರಿಸಬಾರದು ಎಂಬ ಸೂಚನೆಯನ್ನು ಡಂಗುರ ಹಾಗೂ ಸೂಚನಾ ಫಲಕದ ಮೂಲಕ ಪ್ರಚಾರ ಮಾಡುವುದು.

5. ಸಂವೇದಕವಿಲ್ಲದ ಯಂತ್ರ ಬಳಸುವ ರೈತರಿಗೆ ಖರ್ಚಿಲ್ಲದ ಕ್ರಮವನ್ನು ತಿಳಿಸುವುದು: ಎಲ್ಲ ಬೀಜದ ಪೆಟ್ಟಿಗೆಗಳಿಗೆ ಸಮ ತೂಕದ ಬೀಜ ತುಂಬಿ, ಪ್ರತಿ ಎರಡು ಸುತ್ತಿಗೊಮ್ಮೆ ಬದುವಿನಲ್ಲಿ ಯಂತ್ರ ನಿಲ್ಲಿಸಿ ಮಟ್ಟ ನೋಡಬೇಕು. ಯಾವ ಪೆಟ್ಟಿಗೆಯಲ್ಲಿ ಬೀಜ ಇಳಿದಿಲ್ಲವೋ ಆ ನಳಿಕೆ ಕಟ್ಟಿದೆ ಎಂದರ್ಥ. ಕೂಡಲೇ ತೆರವುಗೊಳಿಸಿ, ತಪ್ಪಿದ ಸಾಲನ್ನು ಹದ ಇರುವಾಗಲೇ ಮರುಬಿತ್ತನೆ ಮಾಡಬೇಕು.

ತಾಂತ್ರಿಕ ಸಲಹೆಗಾಗಿ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ಅಥವಾ ಕಿಸಾನ್ ಕಾಲ್ ಸೆಂಟರ್‌ನ ಉಚಿತ ದೂರವಾಣಿ ಸಂಖ್ಯೆ 1800-180-1551 ಅನ್ನು ರೈತರು ಸಂಪರ್ಕಿಸಬಹುದು. ಬಿತ್ತನೆ ಮುಗಿದು ಎಂಟು ಹತ್ತು ದಿನಗಳಲ್ಲಿ ಮೊಳಕೆ ಮೇಲೆ ಬರುವ ಹೊತ್ತಿಗೆ ಸದಸ್ಯರು ತಮ್ಮ ವಾರ್ಡಿನ ಕೆಲವು ಹೊಲಗಳಲ್ಲಿ 6.75 ಮೀಟರ್ ಹಗ್ಗ ಹಿಡಿದು ಸಸಿಗಳನ್ನು ಎಣಿಸಿ ದಾಖಲಿಸಿದರೆ, ಮುಂದಿನ ಹಂಗಾಮಿನಲ್ಲಿ ಯಾವ ಯಂತ್ರಕ್ಕೆ ದುರಸ್ತಿ ಬೇಕು, ಯಾವ ಚಾಲಕರಿಗೆ ತರಬೇತಿ ಬೇಕು ಎಂಬುದು ಗ್ರಾಮ ಸಭೆಯ ಮುಂದೆ ಅಂಕಿಗಳೊಂದಿಗೆ ಬರುತ್ತದೆ.