ಮೇಲಿನ ಮೆಟ್ಟಿಲು ಯಾರಿಗೆ? ಆಟದ ಮೇಜಿನ ಮೇಲೆ 'ಅರ್ಹತೆ'ಯ ಲೆಕ್ಕ

ನಾಲ್ಕೈದು ಗೆಳೆಯರು, ಒಂದು ಮೇಜು, ಒಂದಿಷ್ಟು ದಾಳ, ಕಾಗದ, ಪೆನ್ಸಿಲ್. ಒಬ್ಬರು ಕತೆ ನಡೆಸುತ್ತಾರೆ, ಉಳಿದವರು ಅದರೊಳಗಿನ ಪಾತ್ರಗಳಾಗುತ್ತಾರೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'ನಿಂದ ಈ ಬಗೆಯ ಆಟಗಳು ಬೆಳೆದವು. ಯೋಧ, ಮಾಂತ್ರಿಕ, ಪುರೋಹಿತ ಹೀಗೆ ಪ್ರತಿ ಪಾತ್ರಕ್ಕೂ ಒಂದು 'ಕ್ಲಾಸ್'. ಪಾತ್ರ ಬಲಿತ ಮೇಲೆ ಸಿಗೋದು 'ಅಡ್ವಾನ್ಸ್ಡ್ ಕ್ಲಾಸ್'. ಕೇಳೋಕೆ ಮಕ್ಕಳಾಟ ಅನ್ನಿಸಬಹುದು. ಆದರೆ ಅಂಥ ಕ್ಲಾಸ್ ರೂಪಿಸಲು ಕೂತವರಿಗೆ ಮೊದಲು ಎದುರಾಗುವ ಪ್ರಶ್ನೆ ನಮಗೆಲ್ಲ ಚೆನ್ನಾಗಿ ಗೊತ್ತಿರುವಂಥದ್ದು: ಮೇಲೇರಲು ಯಾರಿಗೆ ಅರ್ಹತೆ? ಅದನ್ನು ಅಳೆಯೋದು ಹೇಗೆ?

ಹುಟ್ಟು, ಅದೃಷ್ಟ, ಕೋಚಿಂಗ್

ಈ ಪ್ರಶ್ನೆಗೆ ಆ ಆಟ ಐವತ್ತು ವರ್ಷಗಳಲ್ಲಿ ಬೇರೆ ಬೇರೆ ಉತ್ತರ ಕೊಟ್ಟಿದೆ.

ಒಂದು, ಹುಟ್ಟು. 1978ರ ನಿಯಮಪುಸ್ತಕದಲ್ಲಿ 'ಪ್ಯಾಲಡಿನ್' ಎಂಬ ಧರ್ಮಯೋಧನಾಗಲು ಮನುಷ್ಯರಿಗೆ ಮಾತ್ರ ಅವಕಾಶ. ಕುಳ್ಳರ ಕುಲದ ಡ್ವಾರ್ಫ್ ಮಾಂತ್ರಿಕನಾಗುವಂತಿರಲಿಲ್ಲ. ಯೋಧನಾದರೂ ಒಂದು ಮಟ್ಟದಾಚೆ ಏರುವಂತಿರಲಿಲ್ಲ. ಯಾವ ಕುಲದಲ್ಲಿ ಹುಟ್ಟಿದ್ದೀರಿ ಎನ್ನುವುದೇ ಎಷ್ಟು ಎತ್ತರ ಹೋಗಬಹುದು ಅಂತ ತೀರ್ಮಾನಿಸುತ್ತಿತ್ತು. ನಮಗಿದು ಹೊಸ ಕತೆಯೇನಲ್ಲ. ಈ ತಡೆಗಳನ್ನು 2000ದ ಮೂರನೇ ಆವೃತ್ತಿ ತೆಗೆದುಹಾಕಿತು. 'ರೇಸ್' ಎಂಬ ಪದ ಹೋಗಿ 'ಸ್ಪೀಶೀಸ್' ಬರಲು ಮಾತ್ರ 2024ರವರೆಗೆ ಕಾಯಬೇಕಾಯಿತು.

ಎರಡು, ಅದೃಷ್ಟ. 1975ರ 'ಗ್ರೇಹಾಕ್' ಪೂರಕ ಪುಸ್ತಕದ ಪ್ರಕಾರ ಪ್ಯಾಲಡಿನ್ ಆಗಲು 'ಕರಿಸ್ಮಾ' 17 ಇರಲೇಬೇಕು. ಮೂರು ದಾಳ ಎಸೆದರೆ ಸಿಗುವ 216 ಸಾಧ್ಯತೆಗಳಲ್ಲಿ 17 ಅಥವಾ 18 ಬೀಳೋದು ನಾಲ್ಕರಲ್ಲಿ ಮಾತ್ರ. ಅಂದರೆ 54ಕ್ಕೆ ಒಂದು. ದಾಳ ಬಿದ್ದವನ ಹಾಳೆ ಮೇಲೆ ಅದು 'ಪ್ರತಿಭೆ' ಅಂತ ಕಾಣುತ್ತದೆ.

ಮೂರು, ಕೋಚಿಂಗ್. 2000ದಲ್ಲಿ ಬಂದ 'ಪ್ರೆಸ್ಟೀಜ್ ಕ್ಲಾಸ್'ಗಳಿಗೆ ಇಂತಿಷ್ಟು ಕೌಶಲ, ಇಂತಿಂಥ ತರಬೇತಿ ಅಂತ ಷರತ್ತುಗಳ ಪಟ್ಟಿ ಇತ್ತು. ಯಾರು ಬೇಕಾದರೂ ಏರಬಹುದು, ಸರಿ. ಆದರೆ ಆಟಗಾರರು ಮೊದಲ ದಿನದಿಂದಲೇ ಆ ಪಟ್ಟಿ ಮುಂದಿಟ್ಟುಕೊಂಡು ಪಾತ್ರ ಕಟ್ಟತೊಡಗಿದರು. ಕತೆ ಹಿಂದೆ ಸರಿಯಿತು, ಸಿಲಬಸ್ ಮುಂದೆ ಬಂತು. ನಿಯಮಪುಸ್ತಕ ಬಾಯಿಪಾಠ ಮಾಡಿದವನು ಗೆದ್ದ, ಹೊಸಬ ಹಿಂದುಳಿದ.

ಅದೇ ಪುಸ್ತಕದಲ್ಲಿ ಒಂದು ಬೇರೆ ದಾರಿಯ ಸುಳಿವೂ ಇತ್ತು. 'ಅಸ್ಯಾಸಿನ್' ಆಗಲು ಅಂಕಗಳ ಜೊತೆ ಇನ್ನೊಂದು ಷರತ್ತು: ಆ ಗುಂಪಿಗೆ ಸೇರುವುದಕ್ಕಾಗಿಯೇ, ಬೇರಾವ ಕಾರಣವೂ ಇಲ್ಲದೆ, ಒಬ್ಬರನ್ನು ಕೊಂದಿರಬೇಕು. ಕ್ರೂರ, ನಿಜ. ಆದರೆ ಇಲ್ಲಿ ಅರ್ಹತೆ ಅಂದರೆ ಅಂಕ ಅಲ್ಲ, ಮಾಡಿದ ಕೆಲಸ.

ಕಲ್ಯಾಣದ ತರ್ಕ

ಕೆಲಸದಿಂದ ಮನುಷ್ಯರನ್ನು ಅಳೆಯುವ ಮಾತಿಗೆ ಕಲಬುರಗಿ ಸೀಮೆಯವರು ಅಮೆರಿಕದ ಕಡೆ ನೋಡಬೇಕಿಲ್ಲ. ಹನ್ನೆರಡನೇ ಶತಮಾನದ ಶರಣರಲ್ಲಿ ಡೋಹರ ಕಕ್ಕಯ್ಯ, ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ ತಮ್ಮ ಕಸುಬಿನ ಹೆಸರಲ್ಲೇ ತಲೆಯೆತ್ತಿ ನಿಂತವರು. ಅವರ ಷಟ್‌ಸ್ಥಲದಲ್ಲಿ ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಅಂತ ಆರು ಮೆಟ್ಟಿಲು. ಮೇಲೇರಿದಷ್ಟೂ ಬಲ ಕೂಡಿಬರಲ್ಲ. 'ನಾನು' ಅನ್ನೋದು ಕರಗುತ್ತ ಹೋಗುತ್ತದೆ.

ಹಾಗಂತ ಶರಣರಿಗೆ ಅಂಕ ಹಚ್ಚಿ ಆಟಕ್ಕಿಳಿಸಬೇಕು ಅಂತಲ್ಲ. 1980ರ 'ಡೀಟೀಸ್ ಅಂಡ್ ಡೆಮಿಗಾಡ್ಸ್' ಪುಸ್ತಕ ಇಂದ್ರ, ಅಗ್ನಿಯರಿಗೂ 'ಹಿಟ್ ಪಾಯಿಂಟ್' ಕೊಟ್ಟು, ಹೊಡೆದು ಕೆಡವಬಹುದಾದ ಗುರಿಗಳ ಸಾಲಿಗೆ ಸೇರಿಸಿತ್ತು. ನಮಗೆ ಬೇಕಿರೋದು ಶರಣರ ಹೆಸರಲ್ಲ, ತರ್ಕ: ಪಡೆಯುವುದರ ಜೊತೆ ಬಿಟ್ಟುಕೊಡುವುದೂ ಇರಲಿ.

ಮಾದನಹಿಪ್ಪರಗಾದಿಂದ ಒಂದು ಕ್ಲಾಸ್

ಆಳಂದ ತಾಲ್ಲೂಕಿನ ಮಾದನಹಿಪ್ಪರಗಾ ಮಹಾರಾಷ್ಟ್ರದ ಗಡಿಗೆ ಹತ್ತಿರದ ಊರು. ತೊಗರಿ ಹೊಲ, ಕನ್ನಡದ ಜೊತೆ ಮರಾಠಿ, ಉರ್ದು. ಇಂಥ ಊರನ್ನು ಆಟದ ಲೋಕವಾಗಿಸಿ ಒಂದು ಅಡ್ವಾನ್ಸ್ಡ್ ಕ್ಲಾಸ್ ಮಾಡೋಣ. ಹೆಸರು 'ಗಡಿಮಾತಿನವರು'.

ಅರ್ಹತೆ: ಎರಡು ಊರುಗಳ ಜಗಳವೊಂದನ್ನು ಆಯುಧ ಎತ್ತದೆ ನಿಲ್ಲಿಸಿರಬೇಕು. ಅಂಕದ ಷರತ್ತು ಬೇಡ. ಯೋಧ, ಕಳ್ಳ, ಮಾಂತ್ರಿಕ ಯಾರು ಬೇಕಾದರೂ ತಮ್ಮದೇ ದಾರಿಯಲ್ಲಿ ಇದನ್ನು ಮಾಡಬಹುದು.

ಶಕ್ತಿ: ಯಾವ ಊರಿನ ಕಟ್ಟೆಗೆ ಹೋದರೂ ಇವರ ಮಾತು ಮುಗಿಯುವವರೆಗೆ ಯಾರೂ ಕೈ ಎತ್ತುವಂತಿಲ್ಲ.

ಬೆಲೆ: ಒಂದು ಪಕ್ಷ ಹಿಡಿದ ದಿನವೇ ಆ ಶಕ್ತಿ ಹೋಗುತ್ತದೆ. ಹಾಗಾದರೆ ಒಂದು ಪಕ್ಷದ ಮೇಲೆ ನಿಜಕ್ಕೂ ಅನ್ಯಾಯವಾಗಿದ್ದರೆ? ಆಗ ನ್ಯಾಯವೋ ಶಕ್ತಿಯೋ ಅಂತ ಆಟಗಾರ ಆರಿಸಿಕೊಳ್ಳಬೇಕು. ಈ ಇಕ್ಕಟ್ಟು ಇಲ್ಲದಿದ್ದರೆ ಇದು ಬರೀ ಬಹುಮಾನ.

ಉಳಿದವರಿಗೆ ಜಾಗ: ಮಾತಿನ ಕೆಲಸವೆಲ್ಲ ಇವರೊಬ್ಬರದ್ದೇ ಆದರೆ ಮೇಜಿನ ಸುತ್ತ ಉಳಿದವರು ಮೊಬೈಲ್ ನೋಡುತ್ತ ಕೂರುತ್ತಾರೆ. ಅದಕ್ಕೆ ಈ ಶಕ್ತಿ ಜಗಳ ತಡೆಯುತ್ತದೆ ಅಷ್ಟೇ, ಮನ ಒಲಿಸೋದಿಲ್ಲ. ಒಲಿಸುವ ಕೆಲಸ ಎಲ್ಲರದ್ದು.

ಎಲ್ಲರಿಗೂ ಒಂದೇ ಷರತ್ತು ಸಾಕೇ?

ಇಲ್ಲಿಗೆ ಮುಗಿಯಿತು ಅನ್ನುವಂತಿಲ್ಲ. ಕಟ್ಟೆಯ ಮೇಲೆ ಕೂರಲು ಬಿಡದ ಕೇರಿಯಿಂದ ಬಂದ ಪಾತ್ರ ಜಗಳ ನಿಲ್ಲಿಸೋದು ಹೇಗೆ? ಷರತ್ತು ಎಲ್ಲರಿಗೂ ಒಂದೇ, ಆದರೆ ಅದರ ಹತ್ತಿರ ಹೋಗುವ ದಾರಿ ಒಂದೇ ಅಲ್ಲ. 2012ರ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 371ಜೆ ವಿಧಿ ಈ ಭಾಗದವರಿಗೆ ಶಿಕ್ಷಣ, ಉದ್ಯೋಗದಲ್ಲಿ ಮೀಸಲಾತಿಗೆ ದಾರಿ ಮಾಡಿದ್ದೂ ಇದೇ ಕಾರಣಕ್ಕೆ.

ಆದ್ದರಿಂದ ಕ್ಲಾಸ್ ಬರೆದ ಮೇಲೆ ಒಂದು ಪರೀಕ್ಷೆ ಮಾಡಿ. ನಿಮ್ಮ ಆಟದಲ್ಲಿ ಅತಿ ಕೆಟ್ಟ ದಾಳ ಬಿದ್ದ, ಕತೆಯೊಳಗೆ ಅತಿ ಕಡಿಮೆ ಮರ್ಯಾದೆ ಇರುವ ಪಾತ್ರವನ್ನು ತೆಗೆದುಕೊಳ್ಳಿ. ಅದು ಅಲ್ಲಿಗೆ ತಲುಪಲು ಕನಿಷ್ಠ ಒಂದು ದಾರಿ ಬರೆಯೋಕಾಗುತ್ತಾ ನೋಡಿ. ಆಗದಿದ್ದರೆ ತಿದ್ದಬೇಕಿರೋದು ಪಾತ್ರವನ್ನಲ್ಲ, ನಿಯಮವನ್ನು.