ಖಾಲಿ ರೂಮ್, ಹಳೇ ಕ್ಯಾಶ್

ಈ ವರ್ಷ ಅಡ್ಮಿಷನ್ ಟೈಮಲ್ಲಿ ನಾವು ಮೂವರು ಸೇರಿ ಖೂಬಾ ಪ್ಲಾಟ್ ಸುತ್ತಮುತ್ತಲಿನ ಬಾಡಿಗೆ ರೂಮುಗಳ ಲಿಸ್ಟ್ ತೋರಿಸೋ ಚಿಕ್ಕ ಆ್ಯಪ್ ಮಾಡಿದ್ವಿ. ಡೇಟಾ ಎಲ್ಲ ಮೈಎಸ್‌ಕ್ಯೂಎಲ್‌ನಲ್ಲಿ. ಫ್ರೀ ಸರ್ವರ್, ಹತ್ತು ಜನ ಒಟ್ಟಿಗೆ ಓಪನ್ ಮಾಡಿದ್ರೆ ತೆವಳ್ತಿತ್ತು. ಎಲ್ಲರದ್ದೂ ಅದೇ ಪ್ರಶ್ನೆ, ಅದೇ ಉತ್ತರ. ಅದಕ್ಕೇ ನಡುವೆ ರೆಡಿಸ್ ಇಟ್ವಿ.

ರೆಡಿಸ್ ಡೇಟಾವನ್ನು ರ‍್ಯಾಮ್‌ನಲ್ಲೇ ಇಟ್ಟುಕೊಂಡು ಕೊಡುವ ಸರ್ವರ್. 2009ರಲ್ಲಿ ಇಟಲಿಯ ಸಾಲ್ವತೋರೆ ಸಾನ್‌ಫಿಲಿಪ್ಪೊ ಇದನ್ನು ಹೊರತಂದರು. ಕಿರಾಣಿ ಅಂಗಡಿಯವರು ದಿನಾ ಹೋಗೋ ಸಾಮಾನನ್ನು ಕೈಗೆ ಸಿಗೋ ಹಾಗೆ ಮುಂದಿಟ್ಟು, ಉಳಿದದ್ದನ್ನು ಗೋಡೌನ್‌ನಲ್ಲಿ ಇಡ್ತಾರಲ್ಲ, ಅದೇ ಲೆಕ್ಕ.

ಕನೆಕ್ಟ್ ಮಾಡೋದು ಸುಲಭ. ಹೋಸ್ಟ್ ಹೆಸರು, ಪೋರ್ಟ್ 6379, ಪಾಸ್‌ವರ್ಡ್. ಪಿಂಗ್ ಕಳಿಸಿದ್ರೆ ಪಾಂಗ್ ಅಂತ ಉತ್ತರ ಬರಬೇಕು. ಕನೆಕ್ಷನ್ ಅನ್ನು ಆ್ಯಪ್ ಶುರುವಾದಾಗ ಒಂದೇ ಸಲ ಮಾಡಿಟ್ಟುಕೊಳ್ಳಿ, ಪ್ರತಿ ರಿಕ್ವೆಸ್ಟ್‌ಗೂ ಹೊಸದು ಬೇಡ. ಪೈಥಾನ್‌ನಲ್ಲಿ ಇನ್ನೊಂದು ತಲೆನೋವಿದೆ: ಓದಿದಾಗ ಬರೀ ಬೈಟ್ ಬರುತ್ತೆ. ಕನ್ನಡದ ‘ಖಾಲಿ’ ಅನ್ನೋದು ಯುಟಿಎಫ್-8ರಲ್ಲಿ 12 ಬೈಟ್, ಸ್ಕ್ರೀನ್ ಮೇಲೆ ಮಂತ್ರದ ಥರ ಕಾಣುತ್ತೆ! ಕನೆಕ್ಟ್ ಮಾಡುವಾಗಲೇ ಡಿಕೋಡ್ ಆಪ್ಷನ್ ಆನ್ ಮಾಡಿ.

ಓದೋ ಕ್ರಮ ಹೀಗೆ: ಮೊದಲು ರೆಡಿಸ್‌ಗೆ ಗೆಟ್. ಸಿಗದಿದ್ರೆ ಮೈಎಸ್‌ಕ್ಯೂಎಲ್‌ನಿಂದ ತಂದು, ಇಷ್ಟು ಸೆಕೆಂಡ್ ಆದ್ಮೇಲೆ ಅಳಿಸು ಅಂತ ಹೇಳಿ ಸೆಟ್ ಮಾಡೋದು. ನಾವು ಧಾರಾಳವಾಗಿ ಆರು ಗಂಟೆ ಕೊಟ್ಟಿದ್ವಿ.

ಎಡವಿದ್ದು ಬರೆಯೋದರಲ್ಲಿ. ಓನರ್ ಒಬ್ಬರು ಮಧ್ಯಾಹ್ನ ಫೋನ್ ಮಾಡಿ ರೂಮ್ ಹೋಯ್ತು ಅಂದ್ರು. ಮೈಎಸ್‌ಕ್ಯೂಎಲ್‌ನಲ್ಲಿ ಬದಲಾಯಿಸಿ ಮರೆತ್ವಿ. ಸಂಜೆ ಬೀದರ್‌ನಿಂದ ಜೂನಿಯರ್ ಒಬ್ಬ ಟ್ರಂಕ್, ಹಾಸಿಗೆ ಸಮೇತ ಬಂದು ಆ ಮನೆ ಬಾಗಿಲು ಬಡಿದಿದ್ದಾನೆ. ‘ಅಣ್ಣಾ, ನಿಮ್ಮ ಆ್ಯಪ್‌ನಾಗ ಇನ್ನೂ ಖಾಲಿನೇ ತೋರಸಲಕತ್ತದ’ ಅಂದ. ನಾಚಿಕೆ ಆಯ್ತು. ಆ ರಾತ್ರಿ ನಮ್ಮ ರೂಮಲ್ಲೇ ಮಲಗಿದ.

ಈಗ ಮೊದಲು ಮೈಎಸ್‌ಕ್ಯೂಎಲ್‌ನಲ್ಲಿ ಬರೆದು ಕಮಿಟ್, ಆಮೇಲೆ ರೆಡಿಸ್‌ನ ಆ ಕೀ ಡಿಲೀಟ್. ಮುಂದೆ ಓದುವವರು ಹೊಸದನ್ನೇ ತರ್ತಾರೆ. ಉಲ್ಟಾ ಮಾಡಬೇಡಿ: ಮೊದಲೇ ಡಿಲೀಟ್ ಮಾಡಿದ್ರೆ, ಕಮಿಟ್ ಆಗೋ ಮುಂಚೆ ಯಾರಾದ್ರೂ ಓದಿ ಹಳೇದನ್ನೇ ವಾಪಸ್ ಕೂರಿಸಿಬಿಡ್ತಾರೆ. ಡಿಲೀಟ್ ಬದಲು ಹೊಸ ಬೆಲೆ ಸೆಟ್ ಮಾಡಬಾರದಾ? ಇಬ್ಬರು ಒಟ್ಟಿಗೆ ಬರೆದ್ರೆ ಹಿಂದುಮುಂದಾಗಿ ಹಳೇದು ಉಳಿಯಬಹುದು. ಡಿಲೀಟ್‌ನಲ್ಲೂ ಸಣ್ಣ ಸಂದು ಇದ್ದೇ ಇದೆ, ಅದಕ್ಕೆ ಆರು ಗಂಟೆಯನ್ನು 60 ಸೆಕೆಂಡಿಗೆ ಇಳಿಸಿದ್ವಿ. ರೆಡಿಸ್ಸೇ ಬಿದ್ದರೆ ಎರರ್ ಹಿಡಿದು ಸೀದಾ ಮೈಎಸ್‌ಕ್ಯೂಎಲ್‌ಗೆ ಹೋಗುತ್ತೆ. ನಿಧಾನ ಆಗುತ್ತೆ, ಆದ್ರೆ ಸುಳ್ಳು ಹೇಳಲ್ಲ.